ಪ್ರಾಥಮಿಕ ತರಗತಿಯ ಮಕ್ಕಳಿಗೆ ಗಣಿತದ ಮನೆಪಾಠ: ಎಲ್ಲಿಂದ ಆರಂಭಿಸಬೇಕು?

ಚರ್ಚೆ ಆರಂಭಿಸಿದವರು

ನಾನು ಗಣಿತದಲ್ಲಿ ಪದವಿ ಓದುತ್ತಿದ್ದೇನೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಸಂಜೆಯ ಹೊತ್ತು ಗಣಿತ ಹೇಳಿಕೊಡಲು ಒಪ್ಪಿಕೊಂಡಿದ್ದೇನೆ. ತಂಗಿ ಮೂರನೆಯ ತರಗತಿಯಲ್ಲಿದ್ದಾಳೆ, ಅಣ್ಣ ಐದನೆಯ ತರಗತಿಯಲ್ಲಿದ್ದಾನೆ. ಇಬ್ಬರೂ ಚುರುಕಾದ ಮಕ್ಕಳೇ ಆದರೂ ಗಣಿತದ ಪುಸ್ತಕ ತೆರೆದ ಕೂಡಲೇ ಮೌನವಾಗುತ್ತಾರೆ ಎಂದು ಅವರ ತಾಯಿ ಹೇಳಿದರು.

ಅವರ ನೋಟ್‌ಪುಸ್ತಕಗಳನ್ನು ನೋಡಿದಾಗ ಕೆಲವು ಸಂಗತಿಗಳು ಗಮನಕ್ಕೆ ಬಂದವು. ತಂಗಿಯು 52ರಿಂದ 27ನ್ನು ಕಳೆದು 35 ಎಂದು ಬರೆದಿದ್ದಾಳೆ. ಆದರೆ ಅದೇ ಪುಟದಲ್ಲಿರುವ 48 − 23 ಸರಿಯಾಗಿದೆ. ಅಣ್ಣನು 1/2 + 1/3 = 2/5 ಎಂದು ಬರೆದಿದ್ದಾನೆ. ಏಳರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಅವನು, ಏಳೆಂಟ್ಲ ಎಷ್ಟು ಎಂದು ಬಿಡಿಯಾಗಿ ಕೇಳಿದರೆ ಮತ್ತೆ ಏಳೊಂದ್ಲ ಏಳರಿಂದಲೇ ಮನಸ್ಸಿನಲ್ಲಿ ಹೇಳಿಕೊಂಡು ಬಂದು ಉತ್ತರ ಕೊಡುತ್ತಾನೆ. ಪೋಷಕರ ನಿರೀಕ್ಷೆ ಮನೆಕೆಲಸ ಮುಗಿಯಬೇಕು ಮತ್ತು ಮುಂದಿನ ಪರೀಕ್ಷೆಯಲ್ಲಿ ಅಂಕ ಏರಬೇಕು ಎಂಬುದು. ಆದರೆ ತಳಪಾಯವೇ ಸಡಿಲವಿದೆ ಎಂದು ನನಗನ್ನಿಸುತ್ತದೆ. ಹೆಚ್ಚು ಲೆಕ್ಕಗಳನ್ನು ಮಾಡಿಸಬೇಕೇ, ಹಿಂದಿನ ತರಗತಿಗಳ ಪಾಠಕ್ಕೆ ಹೋಗಬೇಕೇ, ಹೋಗುವುದಾದರೆ ಎಲ್ಲಿಯವರೆಗೆ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿ.

ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಕಲಿಸಿದ ಶಿಕ್ಷಕಿ

ನೀವು ಬರೆದುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು 48 − 23 ಸರಿಯಾಗಿದೆ ಎಂಬ ಮಾತು. ಅಂದರೆ ಆ ಮಗುವಿಗೆ ಕಳೆಯುವುದು ಬರುತ್ತದೆ, ಮತ್ತು 35 ಎಂಬ ಉತ್ತರ ಅಜಾಗರೂಕತೆಯಿಂದ ಬಂದುದಲ್ಲ. ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 7 ಕಂಡಾಗ ಅವಳು ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾಳೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಅವಳ ಮಟ್ಟಿಗೆ ಇದೊಂದು ನಿಯಮ, ಅದನ್ನು ಅವಳು ನಿಷ್ಠೆಯಿಂದ ಪಾಲಿಸುತ್ತಿದ್ದಾಳೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೆಯ ತರಗತಿಯಲ್ಲಿ ದೊಡ್ಡವರೇ ಹೇಳಿಕೊಟ್ಟಿರುತ್ತಾರೆ. ಇಡೀ ಸಂಖ್ಯೆಗೆ ಹೇಳಿದ ಮಾತನ್ನು ಮಗು ಒಂದೊಂದು ಅಂಕಿಗೂ ಅನ್ವಯಿಸಿಕೊಳ್ಳುತ್ತದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ವ್ಯವಕಲನದ ತಪ್ಪುಗಳನ್ನು ಹೀಗೆಯೇ ವಿಶ್ಲೇಷಿಸಿ, ಅವುಗಳಲ್ಲಿ ಬಹಳಷ್ಟು ಮನಸೋಇಚ್ಛೆ ಬರೆದವಲ್ಲ, ತಪ್ಪಾದ ಆದರೆ ಸ್ಥಿರವಾದ ಕ್ರಮವೊಂದರ ಫಲ ಎಂದು ತೋರಿಸಿದ್ದರು. ಇಂಥ ಮಗುವಿಗೆ ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕಗಳನ್ನು ಕೊಟ್ಟರೆ ತಪ್ಪು ನಿಯಮಕ್ಕೇ ಇಪ್ಪತ್ತು ಸಲ ಅಭ್ಯಾಸವಾಗುತ್ತದೆ.

ಆದ್ದರಿಂದ ಮೊದಲ ಕೆಲವು ಸಂಜೆಗಳಲ್ಲಿ ಹೇಳಿಕೊಡುವುದಕ್ಕಿಂತ ಕೇಳಿಸಿಕೊಳ್ಳುವುದಕ್ಕೆ ಹೆಚ್ಚು ಸಮಯ ಕೊಡಿ. ‘ಇದನ್ನು ಹೇಗೆ ಮಾಡಿದೆ, ನನಗೆ ಹೇಳು’ ಎಂದು ಕೇಳಿ. ಆದರೆ ತಪ್ಪಾದಾಗ ಮಾತ್ರ ಕೇಳಬೇಡಿ, ಸರಿಯಾದಾಗಲೂ ಕೇಳಿ. ಇಲ್ಲವಾದರೆ ಆ ಪ್ರಶ್ನೆಯೇ ತಪ್ಪಿನ ಸೂಚನೆ ಎಂದು ಮಗು ಬೇಗನೆ ಗ್ರಹಿಸಿ, ಪ್ರಶ್ನೆ ಕೇಳಿದೊಡನೆ ರಬ್ಬರ್ ಕೈಗೆತ್ತಿಕೊಳ್ಳುತ್ತದೆ. ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಬಳಿಕ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದೂ, ಮೂರು ಸೆಕೆಂಡುಗಳಷ್ಟು ಕಾದರೆ ಮಕ್ಕಳ ಉತ್ತರಗಳು ಉದ್ದವೂ ಸಕಾರಣವೂ ಆಗುತ್ತವೆ ಎಂದೂ ಕಂಡುಕೊಂಡಿದ್ದರು. ಒಬ್ಬರೇ ಮಗುವಿನ ಎದುರು ಕುಳಿತ ನಿಮಗೆ ಮೂವತ್ತು ಮಕ್ಕಳ ತರಗತಿಯ ಅವಸರವಿಲ್ಲ. ಮನೆಪಾಠದ ನಿಜವಾದ ಅನುಕೂಲ ಇದೇ ಎಂದು ನಾನು ನಂಬುತ್ತೇನೆ.

ಇನ್ನು 52 − 27ಕ್ಕೆ ಬರೋಣ. ಒಂದಷ್ಟು ಕಡ್ಡಿಗಳನ್ನೂ ರಬ್ಬರ್ ಬ್ಯಾಂಡುಗಳನ್ನೂ ತೆಗೆದುಕೊಂಡು ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಮಗುವಿನಿಂದಲೇ ಕಟ್ಟಿಸಿ. ನೀವು ಮೊದಲೇ ಕಟ್ಟಿಟ್ಟುಕೊಂಡು ಬಂದರೆ, ಒಂದು ಕಟ್ಟಿನಲ್ಲಿ ಹತ್ತು ಕಡ್ಡಿಗಳಿವೆ ಎಂಬುದನ್ನು ಅವಳು ನಿಮ್ಮ ಮಾತಿನ ಮೇಲೆ ನಂಬಬೇಕಾಗುತ್ತದೆ. ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು, ‘ನನಗೆ ಇದರಿಂದ ಇಪ್ಪತ್ತೇಳು ಕಡ್ಡಿ ಕೊಡು’ ಎನ್ನಿ. ಸಾಮಾನ್ಯವಾಗಿ ಮಗು ಎರಡು ಕಟ್ಟುಗಳನ್ನು ಕೊಟ್ಟುಬಿಡುತ್ತದೆ, ಆಮೇಲೆ ಎರಡು ಬಿಡಿ ಕಡ್ಡಿಗಳನ್ನು ನೋಡುತ್ತಾ ಕೈ ನಿಲ್ಲಿಸುತ್ತದೆ. ಅಲ್ಲಿ ಏನನ್ನೂ ಹೇಳಬೇಡಿ. ‘ಕಟ್ಟು ಬಿಚ್ಚಲೇ?’ ಎಂಬ ಪ್ರಶ್ನೆ ಅವಳ ಬಾಯಿಂದ ಬರಲಿ. ಬಿಚ್ಚಿದ ಮೇಲೆ, ಏಳು ಕಡ್ಡಿಗಳನ್ನು ಕೊಡುವುದಕ್ಕೆ ಮುಂಚೆ, ‘ಎರಡು ಕಟ್ಟು ಕೊಟ್ಟ ಮೇಲೆ ನಿನ್ನ ಹತ್ತಿರ ಮೂವತ್ತೆರಡು ಇದ್ದವು. ಒಂದು ಕಟ್ಟು ಬಿಚ್ಚಿದ ಮೇಲೆ ಈಗ ಎಷ್ಟಿವೆ?’ ಎಂದು ಕೇಳಿ. ಕೆಲವು ಮಕ್ಕಳು ಇಲ್ಲಿ ಮತ್ತೆ ಒಂದರಿಂದ ಎಣಿಸಲು ಆರಂಭಿಸುತ್ತಾರೆ. ಹಾಗೆ ಎಣಿಸುವ ಮಗುವಿಗೆ ಬಿಚ್ಚಿದರೂ ಮೊತ್ತ ಬದಲಾಗದು ಎಂಬುದು ಇನ್ನೂ ಖಚಿತವಾಗಿಲ್ಲ. ಅದು ಖಚಿತವಾಗುವವರೆಗೆ ದಶಕ ತೆಗೆದುಕೊಳ್ಳುವ ಬರವಣಿಗೆಯ ಕ್ರಮವನ್ನು ಎಷ್ಟು ಸಲ ತೋರಿಸಿದರೂ ಅದು ಅಂಕಿಗಳ ಮೇಲೆ ಗೀಟು ಹಾಕುವ ಆಚರಣೆಯಾಗಿಯೇ ಉಳಿಯುತ್ತದೆ. ಹಿಂದಕ್ಕೆ ಎಲ್ಲಿಯವರೆಗೆ ಹೋಗಬೇಕು ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ: ಮಗು ಕಾರಣ ಹೇಳಿ ಉತ್ತರಿಸಬಲ್ಲ ಕೊನೆಯ ಮೆಟ್ಟಿಲಿನವರೆಗೆ ಹೋಗಿ. ಅದಕ್ಕಿಂತ ಹಿಂದೆ ಹೋದರೆ ಅವಳಿಗೆ ಅವಮಾನವೆನಿಸುತ್ತದೆ, ಅದಕ್ಕಿಂತ ಮುಂದೆ ನಿಂತರೆ ನೀವು ಹೇಳಿದ್ದು ಅವಳನ್ನು ತಲುಪುವುದಿಲ್ಲ.

ನಾಲ್ಕನೆಯ ತರಗತಿಯ ಮಗುವಿನ ತಂದೆ

ಶಿಕ್ಷಕಿಯವರ ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ಪೋಷಕನಾಗಿ ಎರಡು ಸಂದೇಹಗಳಿವೆ. ಶಾಲೆಯಲ್ಲಿ ಒಂದು ಕ್ರಮದಲ್ಲಿ ಕಲಿಸಿ, ಮನೆಪಾಠದಲ್ಲಿ ಕಡ್ಡಿಗಳಿಂದ ಇನ್ನೊಂದು ಕ್ರಮದಲ್ಲಿ ಕಲಿಸಿದರೆ ಮಗುವಿಗೆ ಗೊಂದಲವಾಗದೇ? ಎರಡನೆಯದು, ಮನೆಕೆಲಸ ಪ್ರತಿದಿನವೂ ಇರುತ್ತದೆ. ಅದು ಮುಗಿಯದಿದ್ದರೆ ಮರುದಿನ ಶಾಲೆಯಲ್ಲಿ ತಲೆತಗ್ಗಿಸಬೇಕಾದದ್ದು ಮಗುವೇ. ತಳಪಾಯ ಗಟ್ಟಿಮಾಡುತ್ತಾ ಕುಳಿತರೆ ಈ ದಿನನಿತ್ಯದ ಹೊರೆಯನ್ನು ಯಾರು ನೋಡಿಕೊಳ್ಳಬೇಕು?

ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಕಲಿಸಿದ ಶಿಕ್ಷಕಿ

ಕಡ್ಡಿಗಳು ಬೇರೆ ಕ್ರಮವಲ್ಲ. ಶಾಲೆಯ ಕ್ರಮವೇ ಕೈಯಲ್ಲಿ ನಡೆಯುವ ಬಗೆ. ಕಟ್ಟು ಬಿಚ್ಚಿದ ಕ್ಷಣದಲ್ಲೇ ನೋಟ್‌ಪುಸ್ತಕದಲ್ಲಿ ದಶಕದ ಅಂಕಿಯನ್ನು ಒಂದು ಕಡಿಮೆ ಮಾಡಿಸಿ ಬಿಡಿ ಸ್ಥಾನದ 2ನ್ನು 12 ಎಂದು ಬರೆಯಿಸಿದರೆ, ಶಾಲೆಯಲ್ಲಿ ಶಿಕ್ಷಕರು ಹಾಕಿಸುವ ಗೀಟಿಗೆ ಅರ್ಥ ಬರುತ್ತದೆ. ಮುಂದಿನ ದಿನಗಳಲ್ಲಿ ಕಡ್ಡಿಗಳ ಬದಲು ಉದ್ದಗೆರೆ ಮತ್ತು ಚುಕ್ಕಿಗಳ ಚಿತ್ರ ಬರೆಯಿಸಿ, ಆಮೇಲೆ ಅಂಕಿಗಳು ಮಾತ್ರ ಉಳಿಯಲಿ. ಕ್ರಿಯೆಯಿಂದ ಚಿತ್ರಕ್ಕೆ, ಚಿತ್ರದಿಂದ ಸಂಕೇತಕ್ಕೆ ಎಂಬ ಈ ಕ್ರಮವನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ್ದರು. ಸಿಂಗಪುರದ ಗಣಿತ ಪಠ್ಯಕ್ರಮವೂ ಇದನ್ನೇ ಆಧಾರವಾಗಿಟ್ಟುಕೊಂಡಿದೆ. ಬಹಳ ಮನೆಪಾಠಗಳಲ್ಲಿ ಬಿಟ್ಟುಹೋಗುವುದು ನಡುವಿನ ಚಿತ್ರದ ಮೆಟ್ಟಿಲು. ವಸ್ತುಗಳಿಂದ ನೇರವಾಗಿ ಅಂಕಿಗಳಿಗೆ ಹಾರಿಸಿದಾಗ ಮಗು ಎರಡನ್ನೂ ಜೋಡಿಸಿಕೊಳ್ಳದೆ ಬೇರೆಬೇರೆ ಆಟಗಳೆಂದು ತಿಳಿಯುತ್ತದೆ.

ಮನೆಕೆಲಸವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಪಾಠದ ಹೊತ್ತಿನ ಆರಂಭವನ್ನು ಅದಕ್ಕೆ ಕೊಡಬೇಡಿ, ಏಕೆಂದರೆ ಆರಂಭಕ್ಕಿಟ್ಟರೆ ಅದು ಇಡೀ ಹೊತ್ತನ್ನು ತೆಗೆದುಕೊಳ್ಳುತ್ತದೆ. ಮನಸ್ಸು ಹಗುರವಾಗಿರುವ ಮೊದಲ ಭಾಗದಲ್ಲಿ ತಳಪಾಯದ ಕೆಲಸ, ಆಮೇಲೆ ಮನೆಕೆಲಸ. ಅದರಲ್ಲಿಯೂ ಕಠಿಣವಾದ ಒಂದೆರಡು ಲೆಕ್ಕಗಳನ್ನು ಜೊತೆಗೆ ಕುಳಿತು ಮಾಡಿ, ಉಳಿದುದನ್ನು ಮಗು ಒಬ್ಬಳೇ ಮಾಡಲಿ. ನೀವು ಪೆನ್ಸಿಲ್ ಹಿಡಿದ ಕ್ಷಣದಿಂದ ಲೆಕ್ಕ ಮಾಡುತ್ತಿರುವವರು ನೀವು, ಮಗುವಲ್ಲ.

ಮನೆಪಾಠ ಹೇಳುವುದನ್ನೇ ವೃತ್ತಿಯಾಗಿಸಿಕೊಂಡವರು

ಮೇಲಿನ ಮಾತುಗಳನ್ನು ಗೌರವಿಸುತ್ತಲೇ ಇನ್ನೊಂದು ಬದಿಯನ್ನು ಹೇಳಬೇಕಾಗಿದೆ. ಅರ್ಥ ಮಾಡಿಸಬೇಕು ಎಂಬ ಉತ್ಸಾಹದಲ್ಲಿ ಮಗ್ಗಿಯನ್ನು ಕಡೆಗಣಿಸುವುದನ್ನು ನಾನು ಬಹಳ ನೋಡಿದ್ದೇನೆ, ಅದರ ಬೆಲೆಯನ್ನು ತೆರುವವರು ಮಕ್ಕಳು. 392ನ್ನು 7ರಿಂದ ಭಾಗಿಸುವ ಮಗುವನ್ನು ಗಮನಿಸಿ. 39ರಲ್ಲಿ ಏಳು ಎಷ್ಟು ಸಲ ಎಂದು ಯೋಚಿಸಬೇಕು, ಏಳೈದ್ಲ ಮೂವತ್ತೈದು ಎಂದು ನೆನಪಾಗಬೇಕು, 4 ಉಳಿಯಿತೆಂದು ಕಳೆಯಬೇಕು, 2ನ್ನು ಕೆಳಗಿಳಿಸಿ 42 ಮಾಡಿಕೊಳ್ಳಬೇಕು, ಮತ್ತೆ ಮಗ್ಗಿಗೆ ಹೋಗಬೇಕು. ಇಷ್ಟೆಲ್ಲವನ್ನೂ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಮಗು ಏಳೈದ್ಲಕ್ಕಾಗಿ ಏಳೊಂದ್ಲದಿಂದ ಹೊರಟರೆ, ಮೂವತ್ತೈದಕ್ಕೆ ಬರುವಷ್ಟರಲ್ಲಿ ತಾನು ಏನು ಹುಡುಕುತ್ತಿದ್ದೆ ಎಂಬುದನ್ನೇ ಮರೆತಿರುತ್ತದೆ. ಅಂಥ ಮಗುವಿಗೆ ಭಾಗಾಕಾರ ಅರ್ಥವಾಗಿಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ವಾಸ್ತವದಲ್ಲಿ ಅರ್ಥವಾಗಿರುತ್ತದೆ, ನೆನಪಿನ ಹೊರೆ ಹೆಚ್ಚಾಗಿರುತ್ತದೆ.

ಆದ್ದರಿಂದ ನಿಮ್ಮ ಐದನೆಯ ತರಗತಿಯ ಹುಡುಗನಿಗೆ ಮಗ್ಗಿ ತಡವರಿಸದೆ ಬರಲೇಬೇಕು. ಅದು ಅಂದುಕೊಂಡಷ್ಟು ದೊಡ್ಡ ಕೆಲಸವೂ ಅಲ್ಲ. ಒಂದರಿಂದ ಹತ್ತರವರೆಗಿನ ಮಗ್ಗಿಗಳಲ್ಲಿ ನೂರು ಗುಣಲಬ್ಧಗಳಿವೆ. ಮೂರೇಳ್ಲ ಮತ್ತು ಏಳ್ಮೂರ್ಲ ಒಂದೇ ಎಂಬುದನ್ನು ಬಳಸಿಕೊಂಡರೆ ಉಳಿಯುವುದು 55. ಒಂದು, ಎರಡು, ಐದು ಮತ್ತು ಹತ್ತರ ಮಗ್ಗಿಗಳು ಬಹುತೇಕ ಮಕ್ಕಳಿಗೆ ಸಲೀಸಾಗಿ ಬರುತ್ತವೆ. ಅವುಗಳನ್ನು ತೆಗೆದರೆ ಉಳಿಯುವುದು 21 ಮಾತ್ರ. ಈ 21ನ್ನು ಒಂದು ಹಾಳೆಯಲ್ಲಿ ಬರೆದು ಮಗುವಿನ ಮುಂದಿಟ್ಟು, ‘ನೀನು ಕಲಿಯಬೇಕಾದದ್ದು ಇಷ್ಟೇ’ ಎಂದಾಗ ಅದರ ಮುಖದಲ್ಲಿ ಕಾಣುವ ನಿರಾಳತೆಯನ್ನು ನೋಡಬೇಕು.

ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ

ಮಗ್ಗಿ ನಿರರ್ಗಳವಾಗಿ ಬರಬೇಕು ಎಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿರುವುದು ಅದನ್ನು ತಲುಪುವ ದಾರಿಯ ಬಗ್ಗೆ. ಈ ಹುಡುಗನ ಕಷ್ಟವೇ ಬಾಯಿಪಾಠದ ಮಿತಿಯನ್ನು ತೋರಿಸುತ್ತದೆ. ಅವನು ಮಗ್ಗಿಯನ್ನು ಒಂದು ಪದ್ಯದಂತೆ ಕಲಿತಿದ್ದಾನೆ, ಪದ್ಯದ ಎಂಟನೆಯ ಸಾಲು ಬೇಕಾದರೆ ಮೊದಲ ಸಾಲಿನಿಂದಲೇ ಹೇಳಿಕೊಂಡು ಬರಬೇಕು. ಅವನಿಗೆ ಬೇಕಾಗಿರುವುದು ಇನ್ನಷ್ಟು ಸಲ ಒಪ್ಪಿಸುವುದಲ್ಲ, ನಡುವಿನಿಂದ ಒಳಹೊಕ್ಕುವ ದಾರಿಗಳು.

ಚೌಕುಳಿ ಹಾಳೆಯಲ್ಲಿ ಏಳು ಸಾಲು, ಎಂಟು ಕಂಬಸಾಲುಗಳ ಆಯತವೊಂದನ್ನು ಅವನಿಂದ ಬರೆಯಿಸಿ. ಐದನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆಯಲಿ. ಮೇಲೆ ಐದೆಂಟ್ಲ ನಲವತ್ತು, ಕೆಳಗೆ ಎರಡೆಂಟ್ಲ ಹದಿನಾರು, ಕೂಡಿದರೆ ಐವತ್ತಾರು. ಅದೇ ಆಯತವನ್ನು ಏಳು ಸಾಲು, ಏಳು ಕಂಬಸಾಲುಗಳ ಚೌಕ ಮತ್ತು ಪಕ್ಕದ ಏಳು ಮನೆಗಳಾಗಿಯೂ ನೋಡಬಹುದು: ನಲವತ್ತೊಂಬತ್ತು ಮತ್ತು ಏಳು. ಹೀಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಕಟ್ಟಿಕೊಳ್ಳಲು ಕಲಿತ ಮಗು ನೆನಪು ಕೈಕೊಟ್ಟಾಗಲೂ ನಿಲ್ಲುವುದಿಲ್ಲ. ಮುಂದೆ 14 × 6 ಬಂದಾಗ ಅದೇ ಆಯತವನ್ನು ಹತ್ತು ಮತ್ತು ನಾಲ್ಕಾಗಿ ಒಡೆಯುತ್ತದೆ. ಬಹು ಅಂಕಿಗಳ ಗುಣಾಕಾರ ಬೇರೆ ಪಾಠವೆಂದು ಅದಕ್ಕೆ ಅನ್ನಿಸುವುದೇ ಇಲ್ಲ.

ಇದರ ನಂತರ ಅಭ್ಯಾಸ ಬೇಕೇ ಬೇಕು, ಆದರೆ ಅದು ದಿನವೂ ಸ್ವಲ್ಪ ಸ್ವಲ್ಪವಾಗಿ, ಕ್ರಮ ಕೆಡಿಸಿ, ನೆನಪಿನಿಂದ ತೆಗೆಯುವಂತಿರಬೇಕು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆಯಲು ಯತ್ನಿಸಿದವರು ಕೆಲವು ದಿನಗಳ ಬಳಿಕ ಹೆಚ್ಚು ನೆನಪಿಟ್ಟುಕೊಂಡಿದ್ದರು. ಅಲ್ಲಿ ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು, ವಿಷಯವೂ ಗಣಿತವಲ್ಲ. ಆದರೂ ಮಗ್ಗಿಯ ವಿಷಯದಲ್ಲಿ ತತ್ತ್ವ ಅದೇ ಎಂದು ನನಗನ್ನಿಸುತ್ತದೆ. ಆ 21ನ್ನು ಚೀಟಿಗಳಲ್ಲಿ ಬರೆದು ಕಲಸಿ ಕೇಳಿ. ತಕ್ಷಣ ಬಂದವು ಒಂದು ರಾಶಿ, ಯೋಚಿಸಿ ಬಂದವು ಇನ್ನೊಂದು ರಾಶಿ. ಎರಡನೆಯ ರಾಶಿ ಮರುದಿನ ಮತ್ತೆ ಬರಲಿ. ಗಡಿಯಾರವನ್ನು ಮಾತ್ರ ಮುಂದಿಡಬೇಡಿ. ಹೆದರಿದ ಮಗುವಿನ ಗಮನದ ಒಂದು ಪಾಲನ್ನು ಭಯವೇ ಆಕ್ರಮಿಸಿಕೊಂಡಿರುತ್ತದೆ, ಲೆಕ್ಕಕ್ಕೆ ಉಳಿಯುವುದು ಮಿಕ್ಕ ಪಾಲು.

ಮನೆಪಾಠ ಹೇಳುವುದನ್ನೇ ವೃತ್ತಿಯಾಗಿಸಿಕೊಂಡವರು

ಆಯತದ ವಿಧಾನವನ್ನು ನಾನು ಒಪ್ಪುತ್ತೇನೆ. ಗಡಿಯಾರದ ವಿಷಯದಲ್ಲಿ ಒಂದು ಮಾತು: ಬೇರೆ ಮಕ್ಕಳೊಂದಿಗೆ ಹೋಲಿಸದೆ, ಮಗು ತನ್ನದೇ ನಿನ್ನೆಯ ವೇಗವನ್ನು ತಾನೇ ಅಳೆದುಕೊಳ್ಳಲು ಇಷ್ಟಪಟ್ಟರೆ ಅದನ್ನು ತಡೆಯಬೇಕಾಗಿಲ್ಲ. ಕೆಲವು ಮಕ್ಕಳಿಗೆ ಅದರಿಂದ ನಿಜವಾಗಿಯೂ ಸಂತೋಷವಾಗುತ್ತದೆ. ಬೆದರುವ ಮಗುವಿನ ಮುಂದೆ ಇಡಬಾರದು ಎಂಬುದು ಸರಿ.

ಚರ್ಚೆ ಆರಂಭಿಸಿದವರು

ಇಷ್ಟು ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಭಿನ್ನರಾಶಿಯ ಬಗ್ಗೆಯೂ ಯಾರಾದರೂ ಬರೆಯಬೇಕೆಂದು ಕೋರುತ್ತೇನೆ. ಛೇದಗಳನ್ನು ಸಮಮಾಡಿ ಕೂಡುವ ಕ್ರಮವನ್ನು ಹುಡುಗನಿಗೆ ತೋರಿಸಿದೆ. ಆ ಹೊತ್ತಿಗೆ ಮಾಡಿದ, ಮರುದಿನ ಮತ್ತೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಎಂದು ಕೂಡಿದ. ಅಲ್ಲದೆ ವಾಕ್ಯರೂಪದ ಲೆಕ್ಕ ಬಂದರೆ ಇಬ್ಬರೂ ಓದಿ ಮುಗಿಸುವ ಮುನ್ನವೇ ‘ಕೂಡಬೇಕೋ, ಕಳೆಯಬೇಕೋ?’ ಎಂದು ನನ್ನನ್ನು ಕೇಳುತ್ತಾರೆ.

ಹಿರಿಯ ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸುವ ಶಿಕ್ಷಕ

ಕ್ರಮವನ್ನು ಮತ್ತೆ ತೋರಿಸುವ ಮುನ್ನ ಅವನಿಗೆ ಒಂದೇ ಪ್ರಶ್ನೆ ಕೇಳಿ: ‘2/5 ಅರ್ಧಕ್ಕಿಂತ ದೊಡ್ಡದೋ, ಚಿಕ್ಕದೋ?’ ಐದರಲ್ಲಿ ಎರಡು ಭಾಗ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟನ್ನು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ? ಈ ವಿರೋಧ ಅವನಿಗೆ ತಾನಾಗಿ ಕಂಡರೆ ಅರ್ಧ ಕೆಲಸ ಆದಂತೆ. ಕಾಣದಿದ್ದರೆ ಅವನ ಪಾಲಿಗೆ ಭಿನ್ನರಾಶಿ ಒಂದು ಸಂಖ್ಯೆಯೇ ಅಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರುವ ಎರಡು ಸಂಖ್ಯೆಗಳು. ಅಂಥವನಿಗೆ ಛೇದ ಸಮಮಾಡುವ ಕ್ರಮ ಒಂದು ರಾತ್ರಿಗಿಂತ ಹೆಚ್ಚು ನಿಲ್ಲದಿರುವುದು ಸಹಜ. ಇದು ಒಬ್ಬ ಹುಡುಗನ ಕಷ್ಟವೂ ಅಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 12/13 + 7/8 ಸುಮಾರು ಎಷ್ಟು ಎಂದು ಹದಿಮೂರು ವರ್ಷದ ಮಕ್ಕಳನ್ನು ಕೇಳಿ 1, 2, 19, 21 ಎಂಬ ಆಯ್ಕೆಗಳನ್ನು ಕೊಟ್ಟಿದ್ದರು. ಎರಡೂ ಭಿನ್ನರಾಶಿಗಳು ಒಂದಕ್ಕೆ ಹತ್ತಿರವಿರುವುದರಿಂದ ಉತ್ತರ 2. ಅದನ್ನು ಆರಿಸಿದವರು ಶೇ. 24ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21ನ್ನು ಆರಿಸಿದ್ದರು, ಅಂದರೆ ಅಂಶಗಳನ್ನೋ ಛೇದಗಳನ್ನೋ ಕೂಡಿದ್ದರು.

ಉದ್ದವಾದ ಕಾಗದದ ಪಟ್ಟಿಗಳಿಂದ ಆರಂಭಿಸಿ. ಎಲ್ಲ ಪಟ್ಟಿಗಳೂ ಒಂದೇ ಉದ್ದವಿರಲಿ. ಒಂದನ್ನು ಎರಡಾಗಿ, ಒಂದನ್ನು ಮೂರಾಗಿ, ಒಂದನ್ನು ಆರಾಗಿ ಅವನೇ ಮಡಿಸಿ ಗೆರೆ ಹಾಕಲಿ. ಮೂರು ಸಮಭಾಗವಾಗಿ ಮಡಿಸುವುದು ಸುಲಭವಲ್ಲ, ಅವನು ತಡಕಾಡಲಿ. ಸಮಭಾಗವೆಂಬುದು ಎಷ್ಟು ಮುಖ್ಯವೆಂದು ಆ ತಡಕಾಟದಲ್ಲೇ ತಿಳಿಯುತ್ತದೆ. ಆಮೇಲೆ ಅರ್ಧದ ತುಂಡಿನ ತುದಿಗೆ ಮೂರನೆಯ ಒಂದು ಭಾಗದ ತುಂಡನ್ನು ಜೋಡಿಸಿ, ಇಡೀ ಪಟ್ಟಿಯ ಪಕ್ಕದಲ್ಲಿಟ್ಟು, ಈ ಉದ್ದಕ್ಕೆ ಏನೆಂದು ಹೆಸರಿಡಬಹುದು ಎಂದು ಕೇಳಿ. ಅರ್ಧದ ಅಳತೆಯಲ್ಲಿ ಅದು ಸರಿಹೊಂದುವುದಿಲ್ಲ, ಮೂರನೆಯ ಒಂದು ಭಾಗದ ಅಳತೆಯಲ್ಲಿಯೂ ಹೊಂದುವುದಿಲ್ಲ. ಆರು ಭಾಗಗಳ ಪಟ್ಟಿಯನ್ನು ಪಕ್ಕಕ್ಕಿಟ್ಟಾಗ ಅರ್ಧವು ಮೂರು ಭಾಗಗಳನ್ನೂ, ಮೂರನೆಯ ಒಂದು ಎರಡು ಭಾಗಗಳನ್ನೂ ಮುಚ್ಚುತ್ತದೆ; ಒಟ್ಟು 5/6. ಛೇದ ಸಮಮಾಡುವುದೆಂದರೆ ಎರಡನ್ನೂ ಅಳೆಯಬಲ್ಲ ಒಂದೇ ಅಳತೆಯನ್ನು ಹುಡುಕುವುದು ಎಂಬುದನ್ನು ಅವನು ಕೈಯಿಂದಲೇ ಕಂಡುಕೊಂಡಿರುತ್ತಾನೆ. ಪಟ್ಟಿಗಳಿಂದ ಸಂಖ್ಯಾರೇಖೆಗೆ ಬನ್ನಿ. 0 ಮತ್ತು 1ರ ನಡುವೆ 5/6 ಎಲ್ಲಿ ಬರುತ್ತದೆ, 7/6 ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಲಿ. ವೃತ್ತವನ್ನು ತುಂಡುಮಾಡುವ ಚಿತ್ರಗಳಲ್ಲಿ ಒಂದಕ್ಕಿಂತ ದೊಡ್ಡ ಭಿನ್ನರಾಶಿಗೆ ಜಾಗವೇ ಇರುವುದಿಲ್ಲ, ಆದ್ದರಿಂದ ಅವುಗಳ ಮೇಲೆಯೇ ನಿಲ್ಲಬೇಡಿ.

ಇನ್ನು ಕೂಡಬೇಕೋ ಕಳೆಯಬೇಕೋ ಎಂಬ ಪ್ರಶ್ನೆ. ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 1980ರ ಸುಮಾರಿಗೆ ಸಣ್ಣ ತರಗತಿಗಳ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿಗಳು ಮತ್ತು 10 ಮೇಕೆಗಳಿವೆ, ಕಪ್ತಾನನ ವಯಸ್ಸೆಷ್ಟು? ಹೆಚ್ಚಿನ ಮಕ್ಕಳು ಸಂಖ್ಯೆಗಳನ್ನು ಹೇಗೋ ಕೂಡಿ ಉತ್ತರ ಕೊಟ್ಟರು. ಆ ಮಕ್ಕಳಿಗೆ ಬುದ್ಧಿ ಇಲ್ಲವೆಂದಲ್ಲ; ಪುಸ್ತಕದ ಪ್ರತಿಯೊಂದು ಲೆಕ್ಕಕ್ಕೂ ಉತ್ತರವಿರುತ್ತದೆ, ಕೊಟ್ಟ ಸಂಖ್ಯೆಗಳನ್ನು ಬಳಸಿದರೆ ಅದು ಸಿಗುತ್ತದೆ ಎಂಬ ಪಾಠವನ್ನು ಅವರು ಚೆನ್ನಾಗಿ ಕಲಿತಿದ್ದರು. ‘ಒಟ್ಟು’ ಎಂದರೆ ಕೂಡು, ‘ಹೆಚ್ಚು’ ಎಂದರೆ ಕೂಡು, ‘ಉಳಿದ’ ಎಂದರೆ ಕಳೆ ಎಂದು ಸುಳಿವುಗಳನ್ನು ಹೇಳಿಕೊಡುವ ಪದ್ಧತಿ ಇದನ್ನೇ ಬೆಳೆಸುತ್ತದೆ. ‘ಅಕ್ಕನ ಬಳಿ 12 ಗೋಲಿಗಳಿವೆ. ಅದು ತಮ್ಮನ ಬಳಿ ಇರುವುದಕ್ಕಿಂತ 5 ಹೆಚ್ಚು. ತಮ್ಮನ ಬಳಿ ಎಷ್ಟಿವೆ?’ ಎಂಬ ಲೆಕ್ಕಕ್ಕೆ ಸುಳಿವು ನೋಡಿ ಮಾಡುವ ಮಗು 17 ಎನ್ನುತ್ತದೆ, ಕಥೆಯನ್ನು ನೋಡಿದ ಮಗು 7 ಎನ್ನುತ್ತದೆ. ಕೆಲವು ದಿನಗಳವರೆಗೆ ಸಂಖ್ಯೆಗಳನ್ನು ತೆಗೆದುಹಾಕಿ ಕಥೆಯನ್ನು ಮಾತ್ರ ಓದಿಸಿ: ಅಕ್ಕನ ಬಳಿ ಕೆಲವು ಗೋಲಿಗಳಿವೆ, ತಮ್ಮನಿಗಿಂತ ಕೆಲವು ಹೆಚ್ಚು. ಯಾರ ಬಳಿ ಹೆಚ್ಚು? ತಮ್ಮನ ಪಟ್ಟಿ ಉದ್ದವೋ, ಅಕ್ಕನದೋ? ಎರಡು ಪಟ್ಟಿಗಳ ಚಿತ್ರ ಬರೆದ ಮೇಲೆ ಸಂಖ್ಯೆಗಳನ್ನು ಕೊಡಿ. ಆಗ ಯಾವ ಕ್ರಿಯೆ ಎಂಬ ಪ್ರಶ್ನೆ ನಿಮ್ಮ ಬಳಿಗೆ ಬರುವುದು ಕಡಿಮೆಯಾಗುತ್ತದೆ.

ಸಂದರ್ಭ ಬಂದಾಗ 8 + 4 = □ + 5 ಎಂದು ಬರೆದು ಇಬ್ಬರಿಗೂ ಕೊಟ್ಟು ನೋಡಿ. ಕರೆನ್ ಫಾಕ್ನರ್, ಲಿಂಡಾ ಲೆವಿ ಮತ್ತು ಥಾಮಸ್ ಕಾರ್ಪೆಂಟರ್ 1999ರ ಲೇಖನದಲ್ಲಿ ವರದಿ ಮಾಡಿದಂತೆ, ಈ ಲೆಕ್ಕವನ್ನು ಪಡೆದ ಆರನೆಯ ತರಗತಿಯ 145 ಮಕ್ಕಳಲ್ಲಿ ಎಲ್ಲರೂ 12 ಅಥವಾ 17 ಎಂದೇ ಬರೆದಿದ್ದರು. ಸಮಚಿಹ್ನೆ ಅವರಿಗೆ ‘ಉತ್ತರ ಇಲ್ಲಿ ಬರೆ’ ಎಂಬ ಆಜ್ಞೆಯಾಗಿ ಕಂಡಿತ್ತು, ಎರಡೂ ಬದಿ ಒಂದೇ ಬೆಲೆ ಎಂಬ ಹೇಳಿಕೆಯಾಗಿ ಅಲ್ಲ. ಅಭ್ಯಾಸ ಲೆಕ್ಕಗಳನ್ನು ಬರೆಯುವಾಗ ಆಗಾಗ 12 = 7 + 5 ಎಂದೂ, 9 + 3 = 6 + 6 ಎಂದೂ ಬರೆಯುವುದರಿಂದಲೇ ಇದು ನಿಧಾನವಾಗಿ ಸರಿಹೋಗುತ್ತದೆ; ಇದಕ್ಕೆ ಪ್ರತ್ಯೇಕ ಪಾಠ ಬೇಕಾಗಿಲ್ಲ.

ಎರಡನೆಯ ತರಗತಿಯ ಮಗುವಿನ ತಾಯಿ

ನನಗೆ ಗಣಿತವೆಂದರೆ ಶಾಲಾದಿನಗಳಿಂದಲೂ ಭಯ. ಮಗಳ ಪಕ್ಕದಲ್ಲಿ ಕುಳಿತು ಲೆಕ್ಕ ಮಾಡಿಸುವಾಗ ಆ ಭಯ ಅವಳಿಗೂ ಅಂಟಬಹುದೇ ಎಂಬ ಚಿಂತೆ ಕಾಡುತ್ತದೆ. ಮನೆಪಾಠಕ್ಕೆ ಕಳುಹಿಸುವುದೇ ಒಳ್ಳೆಯದೇ?

ಶಿಕ್ಷಣಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ

ನಿಮ್ಮ ಚಿಂತೆಗೆ ಆಧಾರವಿದೆ, ಅದಕ್ಕೆ ಪರಿಹಾರವೂ ಇದೆ. ಎರಿನ್ ಮಲೋನಿ, ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದ ಆತಂಕ ಹೆಚ್ಚಿರುವ ಪೋಷಕರ ಮಕ್ಕಳು ಆ ವರ್ಷ ಕಡಿಮೆ ಕಲಿತದ್ದು ಪೋಷಕರು ಮನೆಕೆಲಸದಲ್ಲಿ ಪದೇಪದೇ ನೆರವಾದಾಗ ಮಾತ್ರ ಎಂದು ಕಂಡುಬಂತು. ಆದ್ದರಿಂದ ಹೇಳಿಕೊಡುವ ಹೊಣೆಯನ್ನು ಬೇರೆಯವರಿಗೆ ಬಿಟ್ಟು, ಮಗಳು ಕಲಿತುದನ್ನು ಅವಳಿಂದಲೇ ಹೇಳಿಸಿಕೊಳ್ಳುವವರಾಗಿ ನೀವು ಕುಳಿತುಕೊಳ್ಳಬಹುದು. ಅವಳ ಕಿವಿಗೆ ಬೀಳುವಂತೆ ‘ನನಗೂ ಲೆಕ್ಕ ಬರುತ್ತಿರಲಿಲ್ಲ’ ಎನ್ನುವುದನ್ನು ಬಿಡಿ; ಸಮಾಧಾನಕ್ಕೆ ಹೇಳಿದ ಆ ಮಾತನ್ನು ಮಗು ಅನುಮತಿ ಎಂದು ತೆಗೆದುಕೊಳ್ಳುತ್ತದೆ. ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿಗಳಿರುವ ಮಣೆಯಾಟಗಳನ್ನು ಜೊತೆಯಾಗಿ ಆಡಿ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಆಟದಿಂದ ಶಾಲೆ ಸೇರುವ ಮುಂಚಿನ ಮಕ್ಕಳ ಸಂಖ್ಯಾಜ್ಞಾನ ಗಣನೀಯವಾಗಿ ಸುಧಾರಿಸಿತ್ತು. ಆಟದಲ್ಲಿ ನಿಮಗೂ ಭಯವಾಗುವುದಿಲ್ಲ.

ಕಲಿಕೆಯ ತೊಡಕುಗಳಿರುವ ಮಕ್ಕಳೊಂದಿಗೆ ಕೆಲಸ ಮಾಡುವವರು

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮೇಲೆ ಹೇಳಿದ ಎಲ್ಲವನ್ನೂ ತಾಳ್ಮೆಯಿಂದ ಮಾಡಿದ ಮೇಲೂ ಕೆಲವು ಮಕ್ಕಳಿಗೆ ಮೂರು ನಾಲ್ಕು ಚುಕ್ಕಿಗಳನ್ನು ಕಂಡೊಡನೆ ಎಷ್ಟೆಂದು ಹೇಳಲಾಗುವುದಿಲ್ಲ, ಒಂದೊಂದಾಗಿ ಎಣಿಸಬೇಕಾಗುತ್ತದೆ. 8 ಮತ್ತು 6ರಲ್ಲಿ ಯಾವುದು ದೊಡ್ಡದೆಂದು ಹೇಳಲು ಯೋಚಿಸಬೇಕಾಗುತ್ತದೆ. ನಿನ್ನೆ ಗಟ್ಟಿಯಾಗಿ ಬಂದ 6 + 3 ಇಂದು ಹೊಸದಾಗಿ ಕಾಣುತ್ತದೆ. ಓದುಬರಹದಲ್ಲಿ ಮುಂದಿರುವ ಮಗುವಿನಲ್ಲಿಯೂ ಹೀಗಿರಬಹುದು. ಇದು ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ತೊಡಕಿನ ಲಕ್ಷಣವಾಗಿರಬಹುದು, ಇದು ಶೇ. 3ರಿಂದ 7ರಷ್ಟು ಮಕ್ಕಳಲ್ಲಿದೆ ಎಂದು ಅಂದಾಜಿಸಲಾಗುತ್ತದೆ. ಮನೆಪಾಠ ಹೇಳುವವರು ಇದನ್ನು ತಾವೇ ನಿರ್ಣಯಿಸಬಾರದು, ಆದರೆ ಗಮನಿಸಿದ್ದನ್ನು ದಿನಾಂಕ ಸಹಿತ ಬರೆದಿಟ್ಟು ಪೋಷಕರಿಗೆ ಕೊಟ್ಟರೆ ತಜ್ಞರ ಮೌಲ್ಯಮಾಪನಕ್ಕೆ ಬಹಳ ನೆರವಾಗುತ್ತದೆ. ಅಂಥ ಮಗು ಬೆರಳುಗಳಿಂದ ಎಣಿಸಿದರೆ ದಯವಿಟ್ಟು ತಡೆಯಬೇಡಿ. ತೊಡಕಿಲ್ಲದ ಮಗುವನ್ನು ಸಹ ಗದರಿಸಿ ಬೆರಳು ಬಿಡಿಸಬೇಕಾಗಿಲ್ಲ. ಕೂಡಿದರೆ ಹತ್ತಾಗುವ ಸಂಖ್ಯೆಗಳ ಜೋಡಿಗಳು ಬಾಯಿಗೆ ಬಂದಂತೆ ಅದು ತಾನೇ ಬಿಡುತ್ತದೆ.

ಚರ್ಚೆ ಆರಂಭಿಸಿದವರು

ನಿಮ್ಮ ಸಲಹೆಯಂತೆ ತಂಗಿಯೊಂದಿಗೆ ಕಡ್ಡಿಗಳಿಂದ ಆರಂಭಿಸಿದೆ. ಕಟ್ಟು ಬಿಚ್ಚಿದ ಮೇಲೆ ಅವಳು ನಿಜವಾಗಿಯೂ ಒಂದರಿಂದ ಎಣಿಸತೊಡಗಿದಳು. ಹಲವು ಸಂಖ್ಯೆಗಳನ್ನು ಹೀಗೆ ಕಟ್ಟಿ ಬಿಚ್ಚಿದ ಬಳಿಕ ಎಣಿಸುವುದನ್ನು ನಿಲ್ಲಿಸಿ, ‘ಅಷ್ಟೇ ಇರುತ್ತಲ್ಲ, ನಾವು ಯಾವುದನ್ನೂ ಹೊರಗೆ ತೆಗೆದಿಲ್ಲ’ ಎಂದಳು. ಈಗ ಎರಡಂಕಿಯ ವ್ಯವಕಲನ ಬರೆಯುತ್ತಿದ್ದಾಳೆ. ಮೂರಂಕಿಗೆ, ಅದರಲ್ಲಿಯೂ ನಡುವೆ ಸೊನ್ನೆ ಬರುವ ಲೆಕ್ಕಗಳಿಗೆ, ಯಾವಾಗ ಹೋಗಬಹುದು?

ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಕಲಿಸಿದ ಶಿಕ್ಷಕಿ

ಅವಳು ಹೇಳಿದ ಆ ವಾಕ್ಯ ಬಂದ ಮೇಲೆ ಹೋಗಬಹುದು. ಮೊದಲು ಹತ್ತು ಕಟ್ಟುಗಳನ್ನು ಸೇರಿಸಿ ನೂರರ ದೊಡ್ಡ ಕಟ್ಟನ್ನು ಅವಳಿಂದ ಕಟ್ಟಿಸಿ, ಸೊನ್ನೆಯಿಲ್ಲದ ಮೂರಂಕಿ ಲೆಕ್ಕಗಳನ್ನು ಮಾಡಿಸಿ, ಅನಂತರ 402 − 157 ಕೊಡಿ. ಉತ್ತರ ತಪ್ಪಾದರೆ ಅದು ಯಾವ ತಪ್ಪು ಎಂದು ನೋಡಿ. 355 ಬಂದರೆ ಹಳೆಯ ನಿಯಮ, ಅಂದರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು, ಮರಳಿದೆ. 255 ಬಂದರೆ ಅವಳು ಸೊನ್ನೆಯನ್ನು ದಾಟಿ ನೂರರ ಸ್ಥಾನದಿಂದ ನೇರವಾಗಿ ಬಿಡಿ ಸ್ಥಾನಕ್ಕೆ ತಂದಿದ್ದಾಳೆ, ಆಮೇಲೆ 0 ಮತ್ತು 5ರ ಎದುರು 5 ಎಂದು ಬರೆದಿದ್ದಾಳೆ. 345 ಬಂದರೆ ಸೊನ್ನೆಯನ್ನು 9 ಮಾಡಬೇಕೆಂಬುದು ನೆನಪಿದೆ, ಆದರೆ ಅದಕ್ಕಾಗಿ ನೂರರ ಕಟ್ಟೊಂದು ಖರ್ಚಾದದ್ದು ದಾಖಲಾಗಿಲ್ಲ. ಮೂರಕ್ಕೂ ಬೇಕಾದ ಮುಂದಿನ ಹೆಜ್ಜೆ ಬೇರೆಬೇರೆ. ಮೊದಲನೆಯದಕ್ಕೆ ಎರಡಂಕಿಯ ಕಡ್ಡಿಗಳಿಗೆ ಮರಳಿ. ಎರಡನೆಯದಕ್ಕೆ ನೂರರ ಕಟ್ಟನ್ನು ಬಿಚ್ಚಿಸಿ, ಒಳಗಿನಿಂದ ಬರುವುದು ಬಿಡಿ ಕಡ್ಡಿಗಳಲ್ಲ, ಹತ್ತು ಹತ್ತರ ಕಟ್ಟುಗಳು ಎಂದು ತೋರಿಸಿ. ಮೂರನೆಯದಕ್ಕೆ ಕಡ್ಡಿಗಳು ಬೇಡ, 345ಕ್ಕೆ 157ನ್ನು ಕೂಡಿ ನೋಡಲು ಹೇಳಿ ಸಾಕು. 502 ಬಂದಾಗ ಎಲ್ಲಿ ನೂರು ಹೆಚ್ಚಾಯಿತೆಂದು ಅವಳೇ ಹುಡುಕುತ್ತಾಳೆ.